ಮರೆಸಿಯಾದಲ್ಲಿ ಕಾಣೆಯಾದ ಪಾಸ್‌ಪೋರ್ಟ್

"ನವ್ಯಾ! ನನ್ನ ಪಾಸ್‌ಪೋರ್ಟ್ ಇಲ್ಲ ಕಣೇ!"

ಎರಡನೇ ಮಹಡಿಯ ಬಾಲ್ಕನಿಯಿಂದ ಮಂಜುನಾಥ ಕೂಗಿದ. ನಾನೂ ಅವನ ಹೆಂಡತಿ ನವ್ಯಶ್ರೀಯೂ ಕೆಳಗೆ ಈಜುಕೊಳದ ಅಂಚಿನಲ್ಲಿ ಕೂತಿದ್ದೆವು. ನಾನು ಕಿತ್ತಳೆ ಸುಲಿಯುತ್ತಿದ್ದೆ. ಅವಳು ಊದಿದ ಪಾದಗಳನ್ನು ನೀರಿಗೆ ಇಳಿಬಿಟ್ಟಿದ್ದಳು. ಏಳು ತಿಂಗಳ ಬಸುರಿ.

"ಸರಿಯಾಗಿ ನೋಡ್ರೀ, ಡ್ರಾಯರ್‌ನಲ್ಲಿದೆ," ಎಂದಳು.

"ಅಲ್ಲೇ ಇಟ್ಟಿದ್ದು. ನಿಂದಿದೆ, ನಂದಿಲ್ಲ."

ನವ್ಯಶ್ರೀ ಏಳಲು ಹೋಗಿ ತತ್ತರಿಸಿದಳು. ನಾನು ಹಿಡಿದುಕೊಂಡೆ. ಕಿತ್ತಳೆ ಕೊಳಕ್ಕೆ ಬಿತ್ತು. ಮರುದಿನ ಬೆಳಿಗ್ಗೆ ನಮ್ಮೆಲ್ಲರಿಗೂ ವಾಪಸ್ ವಿಮಾನವಿತ್ತು.

ಮಂಜುನಾಥ ಕೆಲಸದ ವೀಸಾದ ಮೇಲೆ ಅಮೆರಿಕದಲ್ಲಿರುವವನು. ಆ ವೀಸಾದ ಮುದ್ರೆ ಇರುವುದು ಪಾಸ್‌ಪೋರ್ಟಿನಲ್ಲಿ. ಅದು ಹೋದರೆ ಲಿಸ್ಬನ್ನಿಗೆ ಹೋಗಿ ಹೊಸ ಪಾಸ್‌ಪೋರ್ಟಿಗೆ ಕಾಯಬೇಕು, ಆಮೇಲೆ ಹೊಸ ವೀಸಾಕ್ಕೆ ಕಾಯಬೇಕು. ಒಂದು ತಿಂಗಳೋ, ಎರಡೋ, ಹೇಳುವವರಿಲ್ಲ. ಅಷ್ಟರಲ್ಲಿ ನವ್ಯಶ್ರೀಯನ್ನು ಯಾವ ವಿಮಾನದವರೂ ಹತ್ತಿಸಿಕೊಳ್ಳುವುದಿಲ್ಲ. ಒಂದೋ ಅವಳು ನಾಳೆ ಗಂಡನನ್ನು ಬಿಟ್ಟು ಒಬ್ಬಳೇ ಹೋಗಿ ಹೆರಬೇಕು, ಇಲ್ಲವೇ ಭಾಷೆ ಗೊತ್ತಿಲ್ಲದ ಈ ಊರಿನಲ್ಲಿ ಹೆರಬೇಕು.

"ಆಂಟಿ, ಏನ್ ಮಾಡೋದು ಈಗ?" ಎಂದು ನನ್ನ ಕೈ ಹಿಡಿದಳು.

"ವಸುಧಾ ಬರ್ಲಿ," ಎಂದೆ.

*

ವಸುಧಾ ನನ್ನ ಸೊಸೆ. ಅತ್ತೆಯಾದವಳು ಸೊಸೆಯನ್ನು ಹೊಗಳುತ್ತ ಕತೆ ಬರೆಯುವುದು ಎಲ್ಲೂ ಇಲ್ಲದ ಸಂಗತಿ. ಇರಲಿ, ಒಂದು ಇದ್ದರೆ ಲೋಕವೇನೂ ಮುಳುಗುವುದಿಲ್ಲ.

ನನ್ನ ಹೆಸರು ಸಾಕಮ್ಮ. ಮೈಸೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ಈಗ ಮಗ ಗೋಪಿ, ಸೊಸೆ ವಸುಧಾ ಇವರೊಂದಿಗೆ ಮಿಷಿಗನ್ನಿನ ಕ್ಯಾಂಟನ್‌ನಲ್ಲಿದ್ದೇನೆ. ವಸುಧಾಗೆ ವಾರೆನ್ ಊರಿನ ಕಾರು ಕಂಪನಿಯಲ್ಲಿ ಕೆಲಸ. ಹೊಸ ಕಾರುಗಳಲ್ಲಿ ಎಲ್ಲಿಂದಲೋ ಬರುವ ಕಿರುಗುಟ್ಟುವ ಸದ್ದು, ಗಡಗಡ ಸದ್ದನ್ನು ಕಿವಿಯಿಂದಲೇ ಹುಡುಕಿ ತೆಗೆಯುವುದು ಅವಳ ಕಸುಬು. ಯಂತ್ರ ಸೋತ ಮೇಲೆ ಅವಳನ್ನು ಕರೆಯುತ್ತಾರಂತೆ. ಅವಳು ಕಾರಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ಎರಡು ಮೈಲಿ ಓಡಿಸಿ ಎಂದು ಹೇಳಿ, ಇಳಿದ ಮೇಲೆ ಒಂದೇ ಒಂದು ಸ್ಕ್ರೂ ತೋರಿಸುತ್ತಾಳಂತೆ. ಮನೆಯಲ್ಲಿ ಮಾತ್ರ ಅವಳು ಅಡುಗೆಮನೆಗೆ ಬರುವುದು ಕಾಫಿ ಕುಡಿಯಲು.

ಮಾರ್ಚಿನಲ್ಲೂ ಹಿಮ ಎತ್ತಿ ಎತ್ತಿ ಸೊಂಟ ಬಿದ್ದಾಗ, "ಈ ಸಲ ಬಿಸಿಲಿರೋ ಕಡೆ ಹೋಗೋಣ ಅತ್ತೆ," ಎಂದವಳು ಅವಳೇ. ಹಾಗೆ ಪೋರ್ಚುಗಲ್ಲಿನ ದಕ್ಷಿಣ ತೀರದ ಮರೆಸಿಯಾ ಎಂಬ ರೆಸಾರ್ಟಿಗೆ ಬಂದೆವು. ಸಮುದ್ರದ ದಂಡೆಯ ಮೇಲೆ ಸುಣ್ಣ ಬಳಿದ ಬಿಳಿ ಕಟ್ಟಡ, ಒಂದೊಂದು ಕುಟುಂಬಕ್ಕೂ ಅಡುಗೆಮನೆ, ಬಾಲ್ಕನಿ ಇರುವ ಅಪಾರ್ಟ್‌ಮೆಂಟು. ಅಂಗಳದಲ್ಲಿ ನಿಂಬೆ ಗಿಡ, ಮೆಟ್ಟಿಲಿಗೆಲ್ಲ ನೀಲಿ ಹೂವಿನ ಹಂಚು. ಬೆಳಿಗ್ಗೆ ಬಾಗಿಲು ತೆಗೆದರೆ ನೀರು ಬಾಗಿಲ ಬುಡದಲ್ಲೇ ಹೊಳೆಯುತ್ತಿತ್ತು. ನನ್ನ ಕಾಲದಲ್ಲಿ ಹತ್ತಕ್ಕೆ ಎಂಟರ ಮೇಲೆ ಅಂಕ ಕೊಟ್ಟವಳಲ್ಲ ನಾನು. ಮರೆಸಿಯಾಕ್ಕೆ ಒಂಬತ್ತು ಕೊಟ್ಟೆ.

ಕಳೆದ ಒಂದು ಅಂಕ ಒಲೆಗೆ. ಗಾಜಿನ ಹಲಗೆಯಂಥ ಒಲೆ. ರೆಸಾರ್ಟಿನ ಸ್ಟೀಲ್ ಪಾತ್ರೆಯಲ್ಲಿ ಹಾಲಿಟ್ಟರೆ ನೋಡನೋಡುತ್ತ ಉಕ್ಕಿಸುತ್ತಿತ್ತು. ನಾನು ಕ್ಯಾಂಟನ್‌ನಿಂದ ಹೊತ್ತು ತಂದ ಕುಕ್ಕರ್ ಇಟ್ಟರೆ ಟೊಂಯ್ ಎಂದು ಆರಿಹೋಗುತ್ತಿತ್ತು. ಒಲೆ ಕೆಟ್ಟಿದೆ, ಮನಸ್ಸು ಬಂದರೆ ಉರಿಯುತ್ತದೆ ಎಂದುಕೊಂಡೆ. ರಜೆಗೆ ಬಂದೂ ಅತ್ತೆ ಗೊಣಗಿದಳು ಎಂದಾಗಬಾರದೆಂದು ಯಾರಿಗೂ ಹೇಳಲಿಲ್ಲ. ತೆರೆದ ಪಾತ್ರೆಯಲ್ಲೇ ಅನ್ನ ಮಾಡಿದೆ.

ನಮ್ಮ ಜೊತೆ ಬಂದವರು ಎರಡು ಜೋಡಿ. ಕ್ಯಾಂಟನ್‌ನಲ್ಲಿ ನಮ್ಮ ಬಡಾವಣೆಯಲ್ಲೇ ಇರುವ ಮಂಜುನಾಥ, ನವ್ಯಶ್ರೀ ಒಂದು. ಶಿಕಾಗೋ ಹತ್ತಿರದ ಓಕ್ ಬ್ರೂಕ್‌ನಿಂದ ಬಂದ ವಿಜಯ್ ಕುಮಾರ್, ಶರಣ್ಯಾ ಇನ್ನೊಂದು. ವಿಜಯ್, ಮಂಜುನಾಥ ಮೈಸೂರಿನಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು. ಈಗ ಒಂದೇ ಕಂಪನಿ, ಬೇರೆ ಬೇರೆ ಆಫೀಸು. ಶರಣ್ಯಾ ಧಾರವಾಡದ ಹುಡುಗಿ, ನನಗೆ ಬಹಳ ಇಷ್ಟ. ಕ್ಯಾಂಟನ್‌ನ ಇಂಡಿಯನ್ ಸ್ಟೋರಿನಲ್ಲಿ ಸೇಲ್ ಬಂದಾಗ ಒಂದೇ ಥರದ ಎರಡು ಅಲ್ಯುಮಿನಿಯಂ ಕುಕ್ಕರ್ ಕೊಂಡು ಒಂದನ್ನು ಅವಳಿಗೆ ಉಡುಗೊರೆ ಕೊಟ್ಟಿದ್ದೆ. ಅವಳೂ ಅದನ್ನು ಹೊತ್ತು ತಂದಿದ್ದಳು.

ಆ ದಿನ ವಸುಧಾ, ಗೋಪಿ, ಶರಣ್ಯಾ ಸಮುದ್ರದ ಗುಹೆ ನೋಡಲು ದೋಣಿಯಲ್ಲಿ ಹೋಗಿದ್ದರು. ನನಗೆ ಮಂಡಿ ನೋವು, ನವ್ಯಶ್ರೀಗೆ ಬಸಿರು, ಹಾಗಾಗಿ ನಾವಿಬ್ಬರೂ ಮಂಜುನಾಥನೂ ಕೊಳದ ಹತ್ತಿರ ಉಳಿದೆವು. ವಿಜಯ್ ತಲೆನೋವೆಂದು ತನ್ನ ಅಪಾರ್ಟ್‌ಮೆಂಟಿನಲ್ಲೇ ಇದ್ದ.

*

ದೋಣಿಯವರು ಬರುವ ಹೊತ್ತಿಗೆ ಅಂಗಳದಲ್ಲಿ ಗಲಾಟೆ ಶುರುವಾಗಿತ್ತು. ಶರಣ್ಯಾಗೆ ಅಲೆಯ ಹೊಡೆತಕ್ಕೆ ವಾಂತಿಯಾಗಿತ್ತು. ಗೋಪಿ ಅವಳನ್ನು ನೇರ ನಮ್ಮ ಸೋಫಾದ ಮೇಲೆ ಮಲಗಿಸಲು ಕರೆದುಕೊಂಡು ಹೋದ. ವಸುಧಾ ನನ್ನ ಪಕ್ಕ ಬಂದು ನಿಂತಳು. ಕೂದಲಲ್ಲಿನ್ನೂ ಉಪ್ಪುನೀರು.

ರೆಸಾರ್ಟಿನ ಮ್ಯಾನೇಜರ್ ತಿಯಾಗೊ, ಕೆಲಸದವಳಾದ ಗ್ರಾಸಾಳ ತಳ್ಳುಗಾಡಿಯನ್ನು ಎಲ್ಲರೆದುರು ಬರಿದು ಮಾಡಿಸುತ್ತಿದ್ದ. ಟವೆಲು, ಸೋಪು, ಸ್ಪಂಜು, ಅವಳ ಊಟದ ಡಬ್ಬಿ, ಎಲ್ಲ ನೆಲಕ್ಕೆ ಬಿತ್ತು. ಬಿಸಿಲಿಗೆ ಮಲಗಿದ್ದ ಪ್ರವಾಸಿಗಳು ಎದ್ದು ಕೂತು ನೋಡಿದರು. ಗ್ರಾಸಾ ಸೊಂಟದ ಬೀಗದ ಕೈ ಗೊಂಚಲನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಐವತ್ತು ದಾಟಿದ ಹೆಂಗಸು. ಅಳಲಿಲ್ಲ. ಅದನ್ನು ನೋಡಿ ನನಗೇ ಅಳು ಬಂತು.

"ಮಧ್ಯಾಹ್ನ ಆ ಅಪಾರ್ಟ್‌ಮೆಂಟಿಗೆ ಹೋದವಳು ಇವಳೊಬ್ಬಳೇ," ಎಂದ ತಿಯಾಗೊ. "ಇಂಥ ಪಾಸ್‌ಪೋರ್ಟಿಗೆ ಹೊರಗೆ ಗಿರಾಕಿಗಳಿದ್ದಾರೆ. ಸಂಜೆಯೊಳಗೆ ಸಿಗದಿದ್ದರೆ ಪೊಲೀಸರಿಗೆ ಒಪ್ಪಿಸುತ್ತೇನೆ. ಕೆಲಸವಂತೂ ಹೋಯಿತು."

"ನಾನೇ ಟವೆಲ್ ಕೇಳಿದ್ದೆ, ಅದಕ್ಕೆ ಹೋಗಿದ್ದು," ಎಂದಳು ನವ್ಯಶ್ರೀ. ಯಾರೂ ಕೇಳಿಸಿಕೊಳ್ಳಲಿಲ್ಲ.

ಆಗ ವಿಜಯ್ ಕೆಳಗಿಳಿದು ಬಂದ. ಹೆಗಲ ಮೇಲೆ ಅಡುಗೆಮನೆಯ ಟವೆಲು.

"ಬರೀ ಅವಳನ್ನ ಯಾಕೆ ಹುಡುಕ್ತೀರಿ? ಅನ್ಯಾಯ ಅದು. ನಮ್ಮ ಅಪಾರ್ಟ್‌ಮೆಂಟ್‌ಗಳನ್ನೂ ಚೆಕ್ ಮಾಡಿ. ಮೊದಲು ನಂದೇ ಮಾಡಿ," ಎಂದ ತಿಯಾಗೊಗೆ. ಆಮೇಲೆ ಮಂಜುನಾಥನ ಬೆನ್ನು ತಟ್ಟಿದ. "ಧೈರ್ಯವಾಗಿರೋ ಮಂಜ. ಬುಧವಾರದ್ದು ಹೋದ್ರೆ ಹೋಗ್ಲಿ. ಈಗ ಮಗು ಮುಖ್ಯ."

"ನೀನು ಎಲ್ಲಿದ್ಯೋ ಅಷ್ಟೊತ್ತು? ಯಾರಾದ್ರೂ ಓಡಾಡಿದ್ದು ಕಂಡ್ಯಾ?"

"ಒಲೆ ಮುಂದೆ ಇದ್ದೆ ಕಣೋ. ದೋಣಿಯೋರು ಹಸ್ಕೊಂಡು ಬರ್ತಾರೆ ಅಂತ ಎಲ್ರಿಗೂ ಅಡುಗೆ ಮಾಡ್ತಿದ್ದೆ. ಮೊದ್ಲು ಬೇಳೆ ಇಟ್ಟೆ, ಆಮೇಲೆ ಅನ್ನಕ್ಕಿಟ್ಟೆ. ಕುಕ್ಕರ್ ಕೂಗ್ತಿರೋವಾಗ ಬಿಟ್ಟು ಹೊರಗೆ ಬರೋಕಾಗುತ್ತಾ ಆಂಟಿ, ನೀವೇ ಹೇಳಿ."

ಆಗುವುದಿಲ್ಲ ಎಂದೆ. ಎಂಥ ಗಂಡ, ತಲೆನೋವಿನಲ್ಲೂ ಏಳು ಜನಕ್ಕೆ ಅಡುಗೆ ಮಾಡುತ್ತಾನೆ, ನನ್ನ ಗೋಪಿಗೆ ನೀರು ಕಾಯಿಸಲೂ ಬರುವುದಿಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

*

ವಸುಧಾ ಮೊದಲು ಹೋದದ್ದು ಮಂಜುನಾಥನ ಅಪಾರ್ಟ್‌ಮೆಂಟಿಗೆ. ನಾನೂ ಹಿಂದೆ ಹೋದೆ. ಮಂಡಿ ನೋವು ಆಗ ನೆನಪಾಗಲಿಲ್ಲ.

ಬಾಗಿಲ ಹೊರಗೆ ಚಪ್ಪಲಿ, ಶೂ ಸಾಲಾಗಿದ್ದವು. ಇಡೀ ಮರೆಸಿಯಾದಲ್ಲಿ ಬಾಗಿಲ ಹೊರಗೆ ಪಾದರಕ್ಷೆ ಬಿಡುತ್ತಿದ್ದವರು ನಮ್ಮ ಮೂರು ಮನೆಯವರು ಮಾತ್ರ. ವಸುಧಾ ಬೀಗದ ಹತ್ತಿರ ಕಣ್ಣು ಒಯ್ದು ನೋಡಿದಳು. ಒಂದು ಗೀರೂ ಇರಲಿಲ್ಲ.

"ಕೊಳಕ್ಕೆ ಇಳಿಯೋವಾಗ ಕೀ ಎಲ್ಲಿಟ್ಟಿದ್ರಿ ಮಂಜು?"

"ಶೂ ಒಳಗೆ. ದಿನಾ ಅಲ್ಲೇ ಇಡೋದು. ನಿಮಗೆಲ್ಲ ಗೊತ್ತಲ್ಲ."

"ತೆಗೆಯೋವಾಗಲೂ ಅಲ್ಲೇ ಇತ್ತಾ?"

ಮಂಜುನಾಥ ತಡೆದು ಹೇಳಿದ. "ಇತ್ತು. ಆದ್ರೆ ಎಡಗಾಲಿಂದ್ರಲ್ಲಿತ್ತು. ನಾನು ಬಲಗಾಲಿಂದ್ರಲ್ಲಿ ಇಡೋದು. ನಾನೇ ಗಡಿಬಿಡೀಲಿ ಮರೆತಿರ್ಬೇಕು."

ವಸುಧಾ ತಲೆಯಾಡಿಸಿದಳು. ಒಳಗೆ ಹೋಗಿ ಡ್ರಾಯರ್ ಎಳೆದಳು. ನವ್ಯಶ್ರೀಯ ಪಾಸ್‌ಪೋರ್ಟ್ ಇತ್ತು. ಪಕ್ಕದಲ್ಲಿ ಅವಳ ಎರಡು ಬಂಗಾರದ ಬಳೆ. ಪಾದ, ಕೈ ಊದಿದ್ದಕ್ಕೆ ಬಿಚ್ಚಿಟ್ಟಿದ್ದಳು. ಬಳೆಯ ಕೆಳಗೆ ಯೂರೋ ನೋಟುಗಳು.

"ನಿಮ್ಮದು ಕೊನೇಸಲ ನೋಡಿದ್ದು ಯಾವಾಗ?"

"ಊಟ ಆದ್ಮೇಲೆ. ನಂಬರ್ ನೋಡ್ಕೊಂಡು ನಾಳೆ ವಿಮಾನಕ್ಕೆ ಚೆಕ್-ಇನ್ ಮಾಡಿದೆ. ವಾಪಸ್ ಇಟ್ಟು ಕೊಳಕ್ಕೆ ಬಂದೆ."

ವಸುಧಾ ಡ್ರಾಯರ್ ಮುಚ್ಚಿ ಬಾಲ್ಕನಿಗೆ ಬಂದಳು. ಕೆಳಗೆ ಗ್ರಾಸಾ ಒಂದೊಂದೇ ಟವೆಲು ಮಡಚಿ ಮತ್ತೆ ಗಾಡಿಗೆ ಇಡುತ್ತಿದ್ದಳು.

"ಅವಳಲ್ಲ ಅತ್ತೆ," ಎಂದಳು ವಸುಧಾ.

"ಹೇಗೆ ಹೇಳ್ತೀಯ?"

"ಸೊಂಟದಲ್ಲಿ ಎಲ್ಲ ಬಾಗಿಲ ಕೀ ಇರೋಳು, ಇನ್ನೊಬ್ರ ಶೂ ಒಳಗೆ ಯಾಕೆ ಕೈ ಹಾಕ್ತಾಳೆ? ಯಾರೋ ಶೂ ಒಳಗಿನ ಕೀ ತಗೊಂಡಿದಾರೆ. ವಾಪಸ್ ಇಡೋವಾಗ ತಪ್ಪು ಶೂಗೆ ಹಾಕಿದಾರೆ."

ನಾನು ಕಣ್ಣು ಬಿಟ್ಟು ನಿಂತೆ. ಶೂ ಒಳಗೆ ಕೀ ಇರುವುದು ಗೊತ್ತಿದ್ದದ್ದು ನಮ್ಮ ಮೂರು ಮನೆಯವರಿಗೆ ಮಾತ್ರ.

"ಮಾರೋಕೆ ಕದ್ದಿದ್ರೆ ಎರಡು ಪಾಸ್‌ಪೋರ್ಟೂ ಹೋಗ್ತಿತ್ತು. ಬಳೆ, ದುಡ್ಡು ಬಿಡ್ತಿರ್ಲಿಲ್ಲ," ಎಂದಳು ಅವಳು ಮೆಲ್ಲಗೆ. "ಇವರಿಗೆ ಬೇಕಾಗಿದ್ದು ಪಾಸ್‌ಪೋರ್ಟ್ ಅಲ್ಲ. ಮಂಜು ನಾಳೆ ವಿಮಾನ ಹತ್ತಬಾರದು, ಅಷ್ಟೇ."

*

ಹುಡುಕಾಟ ಶುರುವಾಯಿತು. ತಿಯಾಗೊ, ಗೋಪಿ ಮುಂದೆ. ನಾನು, ವಸುಧಾ ಹಿಂದೆ. ಮೊದಲು ನಮ್ಮದು. ನನ್ನ ಸೀರೆಗಳನ್ನು ತಿಯಾಗೊ ಒಂದೊಂದಾಗಿ ಬಿಡಿಸಿ ನೋಡಿದ, ಮಡಚಲು ಬಾರದೆ ಉಂಡೆ ಮಾಡಿಟ್ಟ. ಸೋಫಾದ ಮೇಲೆ ಶರಣ್ಯಾ ಮುಖಕ್ಕೆ ಸೆರಗಿನಂತೆ ದುಪಟ್ಟಾ ಹೊದ್ದು ಮಲಗಿದ್ದಳು. ಏನೂ ಸಿಗಲಿಲ್ಲ.

ಆಮೇಲೆ ವಿಜಯ್‌ನ ಅಪಾರ್ಟ್‌ಮೆಂಟು. ಅವನೇ ಮುಂದೆ ನಿಂತು ಸೂಟ್‌ಕೇಸು ತೆರೆದ, ಹಾಸಿಗೆ ಎತ್ತಿದ, ತನ್ನ ಜೇಬುಗಳನ್ನೂ ತಿರುವಿ ತೋರಿಸಿದ. ಅಡುಗೆಮನೆಯ ಗಾಜಿನ ಒಲೆಯ ಮೇಲೆ ಕುಕ್ಕರ್ ಕೂತಿತ್ತು. ನಾನು ಕೊಟ್ಟದ್ದೇ. ಮುಚ್ಚಳ ಬಿಗಿದಿತ್ತು, ಮೇಲೆ ವೇಯ್ಟ್ ಇತ್ತು.

ತಿಯಾಗೊ ಅದರ ಕಡೆ ಕೈ ಚಾಚಿದ.

"ಹೇ ಹೇ, ಮುಟ್ಟಬೇಡಿ!" ಎಂದ ವಿಜಯ್. "ಈಗ ತಾನೆ ಆಫ್ ಮಾಡಿದೀನಿ. ಒಳಗೆ ಪ್ರೆಶರ್ ಇದೆ. ತೆಗೆದ್ರೆ ಮುಖಕ್ಕೆ ಹಾರುತ್ತೆ."

ತಿಯಾಗೊ ಎರಡು ಹೆಜ್ಜೆ ಹಿಂದೆ ಸರಿದ. ಅವನು ಕುಕ್ಕರನ್ನು ಬಾಂಬು ನೋಡಿದಂತೆ ನೋಡಿದ. ಗೋಪಿಯೂ ದೂರವೇ ನಿಂತ. ಬಿಸಿ ಕುಕ್ಕರಿನ ಮುಚ್ಚಳಕ್ಕೆ ಕೈ ಹಾಕಬಾರದೆಂದು ನಮ್ಮ ಮಕ್ಕಳಿಗೆ ನಡೆಯಲು ಕಲಿಯುವ ಮೊದಲೇ ಹೇಳಿಕೊಟ್ಟಿರುತ್ತೇವೆ. ಡಬ್ಬಿ, ಫ್ರಿಜ್ಜು, ಕಸದ ಬುಟ್ಟಿ ಎಲ್ಲ ನೋಡಿ ಹೊರಟರು.

ನನಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ.

"ನಿಮ್ಮ ಒಲೆ ವಾಸಿ ಕಣಪ್ಪ," ಎಂದೆ. "ನಮ್ಮದು ದರಿದ್ರದ್ದು. ಕುಕ್ಕರ್ ಇಟ್ರೆ ಟೊಂಯ್ ಅಂದು ಸತ್ತೇ ಹೋಗುತ್ತೆ. ಹಾಲು ಮಾತ್ರ ಕಾಯಿಸುತ್ತೆ."

ವಿಜಯ್ ನಕ್ಕ. "ಅದಕ್ಕೂ ಅಭ್ಯಾಸ ಬೇಕು ಆಂಟಿ."

ವಸುಧಾ ನಗಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ಡ್ರೈವ್ ಮಾಡುವಾಗ ಒಮ್ಮೊಮ್ಮೆ ರೇಡಿಯೋ ಆರಿಸಿ, ಮಾತಾಡಬೇಡಿ ಎಂದು ಕೈ ಎತ್ತುತ್ತಾಳಲ್ಲ, ಅದೇ.

"ಅತ್ತೆ, ಒಂದು ನಿಮಿಷ ಹೊರಗೆ ಬನ್ನಿ."

*

ಪಡಸಾಲೆಯಲ್ಲಿ ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ನವ್ಯಶ್ರೀಯೂ ಬಂದಳು.

"ಮಧ್ಯಾಹ್ನ ಪೂರ್ತಿ ನೀವು ಕೊಳದ ಹತ್ರ ಇದ್ರಿ, ಅಲ್ವಾ?"

"ಹೂಂ. ವಿಜಯ್ ಬಾಲ್ಕನಿ ಕೆಳಗೇ."

"ಯಾರ ಮನೆ ಕುಕ್ಕರ್ ಕೂಗಿದ್ರೂ ನೀವು ಎಣಿಸ್ತೀರಿ."

ನಿಜ. ಅದು ನನ್ನೊಬ್ಬಳ ಕಾಯಿಲೆಯಲ್ಲ. ಮೂವತ್ತು ವರ್ಷ ಸ್ಕೂಲಿಗೆ ಓಡುವ ಮೊದಲು ಸೀರೆ ಉಡುತ್ತ, ಜಡೆ ಹೆಣೆಯುತ್ತ ವಿಷಲ್ ಎಣಿಸಿದ ಯಾವ ಹೆಂಗಸಿಗೂ ಅದು ಬಿಡುವುದಿಲ್ಲ. ಕ್ಯಾಂಟನ್‌ನಲ್ಲಿ ಪಕ್ಕದ ಮನೆಯದು ಕೂಗಿದರೂ ನನ್ನ ಹೆಬ್ಬೆರಳು ಬೆರಳಗೆಣ್ಣಿಗೆ ಹೋಗುತ್ತದೆ.

"ಇವತ್ತು ಎಷ್ಟು ಎಣಿಸಿದ್ರಿ?"

ಸಮುದ್ರದ ಸದ್ದು ನೆನಪಾಯಿತು, ಕಡಲಹಕ್ಕಿ ಕಿರುಚಿದ್ದು ನೆನಪಾಯಿತು, ಯಾರದೋ ಮಗು ನೀರಿಗೆ ಹಾರಿದ್ದು ನೆನಪಾಯಿತು.

"ಒಂದೂ ಇಲ್ಲ," ಎಂದೆ.

"ಬೇಳೆಗೂ ಇಲ್ಲ, ಅನ್ನಕ್ಕೂ ಇಲ್ಲ?"

"ಇಲ್ಲ ಕಣೇ. ಕೂಗೇ ಇಲ್ಲ."

ವಸುಧಾ ನವ್ಯಶ್ರೀ ಕಡೆ ತಿರುಗಿದಳು. "ಬುಧವಾರ ಏನಿದೆ ನವ್ಯಾ?"

ನವ್ಯಶ್ರೀ ಬೆಚ್ಚಿದಳು. "ನಿಮಗೆ ಹೇಗೆ ಗೊತ್ತಾಯ್ತಕ್ಕ? ವಾರೆನ್‌ನಲ್ಲಿ ಇವ್ರಿಗೆ ಇಂಟರ್‌ವ್ಯೂ. ಹೊಸ ಎಲೆಕ್ಟ್ರಿಕ್ ಗಾಡಿ ಪ್ರಾಜೆಕ್ಟ್‌ಗೆ ಲೀಡ್ ಪೊಸಿಷನ್. ಖುದ್ದಾಗಿ ಹೋಗ್ಬೇಕು. ಆಗೋಕೆ ಮುಂಚೆ ಹೇಳಿದ್ರೆ ದೃಷ್ಟಿ ಆಗುತ್ತೆ ಅಂತ ಯಾರಿಗೂ ಹೇಳಿಲ್ಲ. ನಮ್ಮಮ್ಮಂಗೂ ಹೇಳಿಲ್ಲ."

"ವಿಜಯ್‌ಗೆ?"

"ಇಲ್ಲವೇ ಇಲ್ಲ."

ನಾನು ಅಂಗಳದಲ್ಲಿ ಕೇಳಿದ ಮಾತು ಆಗ ತಲೆಗೆ ಹತ್ತಿತು. ಬುಧವಾರದ್ದು ಹೋದರೆ ಹೋಗಲಿ.

ವಸುಧಾ ನಮ್ಮ ಅಪಾರ್ಟ್‌ಮೆಂಟಿಗೆ ಓಡಿದಳು. ಮರಳಿ ಬಂದಾಗ ಕೈಯಲ್ಲಿ ಸಾರ್ಡೀನ್ ಮೀನಿನ ಆಕಾರದ ಆಯಸ್ಕಾಂತವಿತ್ತು. ಕ್ಯಾಂಟನ್‌ನ ಫ್ರಿಜ್ಜಿಗೆ ಅಂಟಿಸಲು ನಾನೇ ಬೀದಿಯ ಅಂಗಡಿಯಲ್ಲಿ ಕೊಂಡದ್ದು.

"ತಿಯಾಗೊ ಅವರೇ," ಎಂದಳು, "ದಯವಿಟ್ಟು ಗ್ರಾಸಾ ಅವರನ್ನೂ ಕರೀರಿ. ಅವರಿಲ್ಲದೆ ನಾನು ಮಾತಾಡಲ್ಲ."

*

ವಿಜಯ್‌ನ ಸಣ್ಣ ಅಡುಗೆಮನೆಯಲ್ಲಿ ನಾವೆಲ್ಲ ಒತ್ತಿಕೊಂಡು ನಿಂತೆವು. ವಿಜಯ್ ಒಲೆಗೆ ಬೆನ್ನು ಕೊಟ್ಟು ನಿಂತಿದ್ದ.

"ಮತ್ತೇನು ವಸುಧಾ? ಎಲ್ಲ ನೋಡಾಯ್ತಲ್ಲ."

"ಒಂದು ಬಾಕಿ ಇದೆ."

"ಕುಕ್ಕರಾ? ಹೇಳಿದ್ನಲ್ಲ, ಇನ್ನೂ ಪ್ರೆಶರ್ ಇಳಿದಿಲ್ಲ. ಸುಡುತ್ತೆ."

ವಸುಧಾ ಅವನ ಪಕ್ಕದಿಂದ ಕೈ ಚಾಚಿ, ಕುಕ್ಕರಿನ ಹೊಟ್ಟೆಯ ಮೇಲೆ ಅಂಗೈ ಪೂರ್ತಿ ಊರಿದಳು.

"ಅಯ್ಯೋ!" ಎಂದು ನಾನು ಕಿರುಚಿದೆ. ಗೋಪಿ ಅವಳ ತೋಳು ಎಳೆಯಲು ಹೋದ.

ಅವಳು ಕೈ ತೆಗೆಯಲಿಲ್ಲ. ವಿಜಯ್‌ನ ಮುಖವನ್ನೇ ನೋಡುತ್ತ ನಿಂತಳು. ಆ ಕ್ಷಣದಲ್ಲಿ ನನ್ನ ಸೊಸೆಯ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮಂಡಿ, ಸೊಂಟ, ಭಯ ಎಲ್ಲ ಮರೆತೆ.

"ತಣ್ಣಗಿದೆ," ಎಂದಳು. "ಈ ಒಲೆಗೆ ಬೆಂಕಿ ಇಲ್ಲ, ಒಳಗೆ ಕಾಯೋ ತಂತಿನೂ ಇಲ್ಲ. ಇದು ಆಯಸ್ಕಾಂತದಿಂದ ಕೆಲಸ ಮಾಡೋದು. ಆಯಸ್ಕಾಂತ ಅಂಟೋ ಪಾತ್ರೆ ಮಾತ್ರ ಇದರ ಮೇಲೆ ಬಿಸಿಯಾಗುತ್ತೆ." ಸಾರ್ಡೀನ್ ಮೀನನ್ನು ರೆಸಾರ್ಟಿನ ಸ್ಟೀಲ್ ಪಾತ್ರೆಗೆ ಹಿಡಿದಳು. ಟಕ್ ಎಂದು ಅಂಟಿತು. ಕಿತ್ತು ಕುಕ್ಕರಿಗೆ ಹಿಡಿದು ಕೈ ಬಿಟ್ಟಳು. ಮೀನು ಜಾರಿ ನೆಲಕ್ಕೆ ಬಿತ್ತು. "ಅಲ್ಯುಮಿನಿಯಂ. ಇಡೀ ದಿನ ಇಟ್ರೂ ನೀರು ಬೆಚ್ಚಗಾಗಲ್ಲ. ಅತ್ತೆ ಒಲೆ ಕೆಟ್ಟಿರ್ಲಿಲ್ಲ. ಎಲ್ಲ ಅಪಾರ್ಟ್‌ಮೆಂಟಲ್ಲೂ ಇದೇ ಒಲೆ ಇರೋದು."

ವಿಜಯ್ ತುಟಿ ನೆಕ್ಕಿಕೊಂಡ. "ಇದು... ನಂದು ಆಗುತ್ತೆ. ಶರಣ್ಯಾ ದಿನಾ ಇದರಲ್ಲೇ ಮಾಡ್ತಾಳೆ. ಬೇಕಾದ್ರೆ ಅವಳನ್ನೇ ಕೇಳಿ."

"ಏನ್ ಕೇಳೋದು?"

ಬಾಗಿಲಲ್ಲಿ ಶರಣ್ಯಾ ನಿಂತಿದ್ದಳು. ಗದ್ದಲಕ್ಕೆ ಎದ್ದು ಬಂದಿದ್ದಳು. ಮುಖ ಇನ್ನೂ ಬಾಡಿತ್ತು.

"ಈ ಕುಕ್ಕರ್‌ನಲ್ಲಿ ವಿಜಯ್ ಇವತ್ತು ಬೇಳೆ, ಅನ್ನ ಮಾಡಿದಾರಂತೆ," ಎಂದಳು ವಸುಧಾ, ತೀರ ಮೆತ್ತಗೆ.

ಶರಣ್ಯಾಗೆ ನಗು ಬಂತು. "ಇವ್ರಾ? ಅಡಗಿನಾ? ಆ ಕುಕ್ಕರ್ ಈ ಒಲಿ ಮ್ಯಾಲೆ ನಡ್ಯಂಗಿಲ್ಲರೀ ಅಕ್ಕಾ. ಬಂದ ದಿನಾನೇ ಇಟ್ಟು ನೋಡೇನಿ. ಆಂಟಿ ಬ್ಯಾಸರ ಮಾಡ್ಕೋತಾರಂತ ಹೇಳಿಲ್ಲ, ಕಪಾಟಿನ್ಯಾಗ ಇಟ್ಟೇನಿ. ಯಾರು ಹೊರಗ ತಗದ್ರು ಅದನ್ನ?"

ನಗುತ್ತ ಗಂಡನ ಕಡೆ ತಿರುಗಿದಳು. ಅವನ ಮುಖ ನೋಡಿದಳು. ಅವಳ ನಗು ಅಲ್ಲೇ ನಿಂತಿತು.

ವಸುಧಾ ವೇಯ್ಟ್ ಎತ್ತಿದಳು. ಉಸ್ಸೆನ್ನಲಿಲ್ಲ. ಮುಚ್ಚಳ ತಿರುವಿದಳು. ಒಳಗೆ ಅಕ್ಕಿಯಿರಲಿಲ್ಲ, ನೀರಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಟ್ಟ ನೀಲಿ ಪಾಸ್‌ಪೋರ್ಟ್ ಇತ್ತು.

ನವ್ಯಶ್ರೀ ಅದನ್ನು ಕಸಿದು ಎದೆಗೊತ್ತಿಕೊಂಡು ಗೋಳೋ ಎಂದು ಅತ್ತಳು. ನಾನೂ ಅತ್ತೆ.

*

"ಅದೇ ಪೊಸಿಷನ್‌ಗೆ ನೀವೂ ಅಪ್ಲೈ ಮಾಡಿದೀರಿ," ಎಂದಳು ವಸುಧಾ.

ವಿಜಯ್ ಕುರ್ಚಿಯ ಮೇಲೆ ಕುಸಿದಿದ್ದ. "ಕೊನೇಗೆ ಉಳಿದಿದ್ದು ನಾವಿಬ್ರೇ ಅಂತ ಆಫೀಸಲ್ಲಿ ಒಬ್ರು ಬಾಯಿಬಿಟ್ರು. ಬುಧವಾರ ಇವನದು, ಗುರುವಾರ ನಂದು. ಕಾಲೇಜಲ್ಲಿ ಇವನಿಗೆ ಪಾಠ ಹೇಳಿಕೊಟ್ಟಿದ್ದು ನಾನು. ಎಲ್ಲ ಕಡೆ ಇವನೇ ಮುಂದೆ ಹೋಗ್ತಾನೆ. ಇವನು ಬರದೇ ಇದ್ರೆ ಸಾಕು ಅನ್ನಿಸ್ತು. ನಮ್ಮ ವಿಮಾನ ಹೋದ್ಮೇಲೆ ಇಲ್ಲೇ ಎಲ್ಲಾದ್ರೂ ಸಿಗೋ ಹಾಗೆ ಬಿಟ್ಟು ಹೋಗ್ತಿದ್ದೆ."

"ಸಮುದ್ರಕ್ಕೆ ಎಸೆದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದ ಗೋಪಿ.

"ವೀಸಾ ಸ್ಟಾಂಪ್ ಇರೋ ಪಾಸ್‌ಪೋರ್ಟ್ ಕಣೋ," ಎಂದ ವಿಜಯ್, ಆಶ್ಚರ್ಯದಿಂದ ತಲೆ ಎತ್ತಿ. "ಹೇಗೆ ಎಸೆಯೋದು? ಕೈ ಬರಲಿಲ್ಲ."

ಮಂಜುನಾಥ ಅವನೆದುರು ಬಂದು ನಿಂತ. "ನವ್ಯಾ ಏಳು ತಿಂಗಳು ಅಂತ ಗೊತ್ತಿತ್ತಲ್ಲೋ ನಿಂಗೆ," ಎಂದ. ಅಷ್ಟೇ. ವಿಜಯ್ ಮುಖ ಮುಚ್ಚಿಕೊಂಡ.

ತಿಯಾಗೊ ಫೋನ್ ತೆಗೆದ. ಪೊಲೀಸರಿಗೆ ಹೇಳಲೇ ಎಂದು ಮಂಜುನಾಥನನ್ನು ಕೇಳಿದ.

"ನಮ್ಮನ್ನಲ್ಲ," ಎಂದಳು ವಸುಧಾ. "ಮೊದಲು ಅವರನ್ನ ಕೇಳಿ."

ಎಲ್ಲರೂ ಗ್ರಾಸಾ ಕಡೆ ತಿರುಗಿದರು. ಆಕೆ ನಿಧಾನವಾಗಿ ಪೋರ್ಚುಗೀಸಿನಲ್ಲಿ ಏನೋ ಹೇಳಿದಳು. ತಿಯಾಗೊನ ಕಿವಿ ಕೆಂಪಾಯಿತು. ತಗ್ಗಿದ ದನಿಯಲ್ಲಿ ಅನುವಾದಿಸಿದ. "ಪೊಲೀಸ್ ಬೇಡವಂತೆ. ತನ್ನ ಗಾಡಿ ಎಲ್ಲಿ ಬರಿದು ಮಾಡಿದರೋ ಅಲ್ಲೇ, ಯಾರ ಎದುರು ಮಾಡಿದರೋ ಅವರ ಎದುರೇ ತಪ್ಪಾಯಿತೆಂದು ಹೇಳಬೇಕಂತೆ. ಈ ಮನುಷ್ಯನೂ ಹೇಳಬೇಕು. ನಾನೂ ಹೇಳಬೇಕು."

ಹೇಳಿದರು. ನಿಂಬೆ ಗಿಡದ ಪಕ್ಕ, ಬಿಸಿಲಿಗೆ ಮಲಗಿದ್ದವರ ಎದುರು, ಇಬ್ಬರೂ ತಲೆ ತಗ್ಗಿಸಿ ಹೇಳಿದರು. ಗ್ರಾಸಾ ಕೊನೆಯವರೆಗೂ ನಿಂತು ಕೇಳಿದಳು. ಆಮೇಲೆ ಗಾಡಿ ತಳ್ಳಿಕೊಂಡು ಉಳಿದ ಕೆಲಸಕ್ಕೆ ಹೋದಳು. ನಾನು ಒಲೆಗೆ ಕಳೆದಿದ್ದ ಒಂದು ಅಂಕವನ್ನು ಆ ಹೆಂಗಸಿಗೆ ಕೊಟ್ಟು ಮರೆಸಿಯಾಕ್ಕೆ ಹತ್ತು ಪೂರ್ತಿ ಮಾಡಿದೆ.

*

ಮರುದಿನ ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ಎರಡು ಸಾಲು. ಶಿಕಾಗೋಕ್ಕೆ ಒಂದು, ಡೆಟ್ರಾಯ್ಟ್ ಕಡೆಗೆ ನಮ್ಮದು. ವಿಜಯ್ ತನ್ನ ಸಾಲಿನಲ್ಲಿ ನಿಂತಿದ್ದ. ಶರಣ್ಯಾ ಸೂಟ್‌ಕೇಸು ಎಳೆದುಕೊಂಡು ಬಂದು ನನ್ನ ಹಿಂದೆ ನಿಂತಳು. ಬೆಳಿಗ್ಗೆಯೇ ಟಿಕೆಟ್ ಬದಲಾಯಿಸಿದ್ದಳು, ಯಾರಿಗೂ ಹೇಳಿರಲಿಲ್ಲ.

"ನಾಲ್ಕ್ ದಿನ ಇರ್ಲೇನ್ರೀ ಆಂಟಿ ನಿಮ್ಮನ್ಯಾಗ?"

"ಎಷ್ಟು ದಿನ ಬೇಕಾದ್ರೂ ಇರು," ಎಂದೆ.

ಬುಧವಾರ ಮಂಜುನಾಥ ವಾರೆನ್‌ಗೆ ಹೊರಟ. ಅವನಿಗೆ ಮೊಸರನ್ನ ಕಟ್ಟಿಕೊಡಬೇಕೆಂದು ನವ್ಯಶ್ರೀ ನಮ್ಮ ಮನೆಗೇ ಬಂದಿದ್ದಳು. ಅನ್ನಕ್ಕೆ ಇಟ್ಟವಳು ಶರಣ್ಯಾ. ಅದೇ ಕುಕ್ಕರ್. ಬೇಡ, ಸ್ಟೀಲಿನದು ಇದೆ ಎಂದೆ. ಇದ್ರಾಗೇ ಮಾಡ್ತೇನಿ ಎಂದು ಹಟ ಹಿಡಿದಳು.

ನಮ್ಮ ಕ್ಯಾಂಟನ್‌ನ ಒಲೆಯಲ್ಲಿ ನೀಲಿ ಬೆಂಕಿ ಉರಿಯುತ್ತಿತ್ತು. ಶರಣ್ಯಾ ಅದರ ಮುಂದೆ ಕೈ ಕಟ್ಟಿ ನಿಂತಿದ್ದಳು. ಮೇಜಿನ ಹತ್ತಿರ ವಸುಧಾ ಕಾಫಿ ಹಿಡಿದು ಕೂತಿದ್ದಳು.

ಕುಕ್ಕರ್ ಕೂಗಿತು. ನನ್ನ ಹೆಬ್ಬೆರಳು ಬೆರಳಗೆಣ್ಣಿಗೆ ಹೋಯಿತು. ನೋಡಿದರೆ ವಸುಧಾ ಕೂಡ ಒಂದು ಬೆರಳು ಮಡಚಿದ್ದಳು.

ಶರಣ್ಯಾ ಒಲೆಯ ಕಡೆ ತಿರುಗಿ, ಅವತ್ತಿನಿಂದ ತಡೆದಿದ್ದ ಅಳುವನ್ನು ಅಳತೊಡಗಿದಳು. ನಾನು ಹೋಗಿ ಅವಳನ್ನು ತಬ್ಬಿಕೊಂಡೆ. ಮಿಕ್ಕ ವಿಷಲ್‌ಗಳನ್ನು ನಾನು ಎಣಿಸಲಿಲ್ಲ. ಒಲೆ ಆರಿಸಿದವಳು ವಸುಧಾ.